ಮಂಕಾದ ಕಾರಿನ ಬಣ್ಣ: ಮೊದಲು ಬಿಳಿ ಬಟ್ಟೆ, ಆಮೇಲೆ ಪೇಂಟರ್

ಹಳೆ ಗಾಡಿಯ ಬಣ್ಣದ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: 'ಮಂಕಾಗಿದೆ, ಏನು ಹಚ್ಚಲಿ?' ಹಚ್ಚುವುದು ಕೊನೆಯ ಕೆಲಸ. ಗಾಡಿಯ ಮೇಲೆ ಈಗ ಇರುವುದು ಯಾವ ಜಾತಿಯ ಪೇಂಟ್, ಅದು ಎಷ್ಟು ಉಳಿದಿದೆ ಅನ್ನುವುದು ಮೊದಲು ಗೊತ್ತಾಗಬೇಕು. ಅದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಹಾಗಾಗಿ ಈ ಸಲ ಒಂದು ಪತ್ರಕ್ಕೆ ಉದ್ದಕ್ಕೆ ಉತ್ತರಿಸುತ್ತೇನೆ, ಉಳಿದವಕ್ಕೆ ಬೇಕಾದಷ್ಟು ಮಾತ್ರ. ಗಾಡಿ ತೊಳೆಯುವುದು ಹೇಗೆ ಎಂದು ಮತ್ತೆ ವಿವರಿಸುವುದಿಲ್ಲ.

ನಮ್ಮದು 1998ರ ಕೆಂಪು ಮಾರುತಿ 800. ಟಾಪು, ಬಾನೆಟ್ಟು ಗುಲಾಬಿಗೆ ತಿರುಗಿವೆ. ಕೈ ಸವರಿದರೆ ಪುಡಿ ಬರುತ್ತದೆ. ಬಾಗಿಲುಗಳು ಪರವಾಗಿಲ್ಲ. ಗ್ಯಾರೇಜಿನವರು 'ಫುಲ್ ಪೇಂಟ್ ಮಾಡಿಸಿಬಿಡಿ ಸಾರ್' ಅನ್ನುತ್ತಾರೆ. ಬೇರೆ ದಾರಿ ಇದೆಯೇ? (ಹಾಸನದ ಓದುಗರು)

ಇದೆ. ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಕೈಗೆ ಪುಡಿ ಬರುತ್ತದೆ ಅಂದಿರಿ, ಅದರ ಬಣ್ಣ ಯಾವುದು ಎಂದು ಬರೆಯಲಿಲ್ಲ. ಒಂದು ಬಿಳಿ ಬನಿಯನ್ ತುಂಡಿಗೆ ಕಡಲೆಕಾಳಿನಷ್ಟು ಪಾಲಿಶ್ ಹಾಕಿಕೊಂಡು ಟಾಪಿನ ಹಿಂದಿನ ಮೂಲೆಯಲ್ಲಿ ನಾಲ್ಕಾರು ಸಲ ಉಜ್ಜಿ ನೋಡಿ. ಬಟ್ಟೆ ಕೆಂಪಾದರೆ ಅದು ಸಿಂಗಲ್ ಸ್ಟೇಜ್ ಪೇಂಟ್, ಅಂದರೆ ಬಣ್ಣವೂ ಹೊಳಪೂ ಒಂದೇ ಪದರದಲ್ಲಿವೆ. ಬಟ್ಟೆ ಕೆಂಪಾಗದಿದ್ದರೆ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇದೆ. ಆ ಕಾಲದ ಸಾದಾ ಕೆಂಪು, ಸಾದಾ ಬಿಳಿ ಗಾಡಿಗಳು ಹೆಚ್ಚಾಗಿ ಮೊದಲನೆಯ ಜಾತಿಯವು. ಇನ್ನೊಂದು ಪರೀಕ್ಷೆಯೂ ಇದೆ. ಮಂಕಾದ ಜಾಗಕ್ಕೆ ಒಂದು ಲೋಟ ನೀರು ಹುಯ್ಯಿರಿ. ಒದ್ದೆಯಿರುವಷ್ಟು ಹೊತ್ತು ಹಳೆಯ ಕೆಂಪು ಎದ್ದು ಕಂಡು, ಒಣಗಿದೊಡನೆ ಮಾಯವಾದರೆ ಆ ಬಣ್ಣಕ್ಕೆ ಇನ್ನೂ ಜೀವವಿದೆ.

ಪೇಂಟಿನಲ್ಲಿ ಬಣ್ಣದ ಪುಡಿಯನ್ನು ಕಟ್ಟಿ ಹಿಡಿದಿರುವುದು ರಾಳ. ಬಿಸಿಲಿನ ಅತಿನೇರಳೆ ಕಿರಣ ಅದನ್ನು ಮೇಲಿನಿಂದ ತಿನ್ನುತ್ತಾ ಬರುತ್ತದೆ. ಹಿಡಿತ ತಪ್ಪಿದ ಪುಡಿ ಸುಣ್ಣ ಬಳಿದ ಗೋಡೆಯ ಹಾಗೆ ಮೇಲೆ ನಿಂತು ಬೆಳಕನ್ನು ಚೆದುರಿಸುತ್ತದೆ, ಕೆಂಪು ಗುಲಾಬಿಯಾಗಿ ಕಾಣುವುದು ಅದಕ್ಕೇ. ಆಕಾಶಕ್ಕೆ ಮುಖಮಾಡಿದ ಟಾಪು, ಬಾನೆಟ್ಟು, ಡಿಕ್ಕಿ ಮೊದಲು ಹಾಳಾಗುತ್ತವೆ, ನೆಟ್ಟಗೆ ನಿಂತ ಬಾಗಿಲು ಉಳಿಯುತ್ತದೆ. ಸತ್ತಿರುವುದು ಮೇಲಿನ ತೆಳು ಪದರ ಮಾತ್ರ.

ಈಗ ದಪ್ಪದ ಲೆಕ್ಕ. ಕಂಪನಿ ಪೇಂಟ್ ಪ್ರೈಮರ್ ಸೇರಿ ಸಾಮಾನ್ಯವಾಗಿ 100ರಿಂದ 130 ಮೈಕ್ರಾನ್. ಝೆರಾಕ್ಸ್ ಅಂಗಡಿಯ ಒಂದು ಹಾಳೆಯ ದಪ್ಪ ಸುಮಾರು 100 ಮೈಕ್ರಾನ್. ಅಂದರೆ ನಿಮ್ಮ ಕಾರಿನ ಬಣ್ಣವೆಲ್ಲ ಸೇರಿ ಹೆಚ್ಚುಕಡಿಮೆ ಒಂದು ಹಾಳೆ, ಅದರಲ್ಲಿ ಕೆಂಪು ಇರುವುದು ಅರ್ಧವೋ ಇನ್ನೂ ಕಡಿಮೆಯೋ. ಪ್ರತಿಸಲ ಕಾಂಪೌಂಡ್ (ಪೇಂಟನ್ನು ಉಜ್ಜಿ ಸವೆಸುವ ಒರಟು ಪೇಸ್ಟ್) ಹೊಡೆದಾಗ ಅದರಲ್ಲೇ ಒಂದಿಷ್ಟು ಸವೆಯುತ್ತದೆ, ಸವೆದದ್ದು ಮರಳಿ ಬರುವುದಿಲ್ಲ. ಕಾರ್ಖಾನೆಯಲ್ಲಿ ಬರೀ ಬಾಡಿ ಇರುವಾಗ ಸುಮಾರು 140 ಡಿಗ್ರಿಯಲ್ಲಿ ಸುಟ್ಟು ಗಟ್ಟಿ ಮಾಡಿದ ಪೇಂಟ್ ಅದು. ಸೀಟು, ರಬ್ಬರು, ವೈರು ಎಲ್ಲ ಇರುವ ಗಾಡಿಯನ್ನು ಗ್ಯಾರೇಜಿನ ಒಳ್ಳೆಯ ಬೂತ್‌ನಲ್ಲೂ (ಪೇಂಟ್ ಹೊಡೆದು ಕಾಯಿಸುವ ಮುಚ್ಚಿದ ಕೋಣೆ) ಸುಮಾರು 60 ಡಿಗ್ರಿಗಿಂತ ಹೆಚ್ಚು ಕಾಯಿಸಲಾಗದು. ಬಯಲಲ್ಲಿ ಹೊಡೆದ ಪೇಂಟಿಗೆ ಅದೂ ಇಲ್ಲ. 2014ರ ಜನವರಿಯಲ್ಲಿ ಮಾರುತಿ 800 ತಯಾರಿಕೆಯೇ ನಿಂತಿದೆ, ಆ ಕಂಪನಿ ಪೇಂಟನ್ನು ಇನ್ನು ಯಾರೂ ನಿಮಗೆ ಹಾಕಿಕೊಡಲಾರರು. ಇರುವುದನ್ನು ಉಳಿಸಿಕೊಳ್ಳಿ.

ಯಾರಾದರೂ ಡಿಟೇಲಿಂಗ್ ಅಂಗಡಿಯವರ ಹತ್ತಿರ ದಪ್ಪ ಅಳೆಯುವ ಗೇಜ್ ಇದ್ದರೆ ಟಾಪು, ಬಾನೆಟ್ಟು ಎರಡನ್ನೂ ಹತ್ತು ಕಡೆ ಅಳೆಸಿ. 80ಕ್ಕಿಂತ ಕೆಳಗೆ ತೋರಿಸುವ ಕಡೆ ಮಷೀನ್ ಮುಟ್ಟಿಸಬೇಡಿ. 200 ದಾಟಿದರೆ ಹಿಂದೆ ಯಾವಾಗಲೋ ಪೇಂಟ್ ಆಗಿದೆ, ಇನ್ನೂ ಬಹಳ ಮೇಲೆ ಹೋದರೆ ಕೆಳಗೆ ಪುಟ್ಟಿ ಇದೆ. ಮರುಪೇಂಟ್ ಆಗಿದ್ದರೆ ಅದು ಎನ್‌ಸಿಯೋ (ನೈಟ್ರೋಸೆಲ್ಯುಲೋಸ್, ತಿನ್ನರ್ ಆರಿ ಒಣಗುವ ಹಳೆ ಜಾತಿ) ಪಿಯುವೋ (ಪಾಲಿಯುರೆಥೇನ್, ಹಾರ್ಡನರ್ ಬೆರೆಸಿ ಗಟ್ಟಿಯಾಗುವ ಜಾತಿ) ಎಂದು ತಿಳಿಯಲು ಬಾಗಿಲಿನ ಒಳ ಅಂಚಿನಂಥ ಮರೆಯ ಜಾಗದಲ್ಲಿ ಎನ್‌ಸಿ ತಿನ್ನರ್ ಅದ್ದಿದ ಬಟ್ಟೆ ಒರೆಸಿ. ಎನ್‌ಸಿ ಕರಗಿ ಬಟ್ಟೆಗೆ ಬರುತ್ತದೆ, ಚೆನ್ನಾಗಿ ಗಟ್ಟಿಯಾದ ಪಿಯು ಬರುವುದಿಲ್ಲ. ಎನ್‌ಸಿ ಪೇಂಟ್ ಮೆತು, ಅದರ ಮೇಲೆ ಕೈಯಿಂದಲೇ ಕೆಲಸ ಮಾಡಿ.

ತೊಳೆದು ಒಣಗಿಸಿದ ಮೇಲೆ ಬೆರಳಿಗೆ ತೆಳು ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಟಾಪಿನ ಮೇಲೆ ಎಳೆಯಿರಿ. ಮರಳು ಸಿಕ್ಕ ಹಾಗೆ ಜರಜರ ಅಂದರೆ ಕ್ಲೇ ಬಾರ್ ಬೇಕು, ಅಂದರೆ ಪೇಂಟಿಗೆ ಅಂಟಿದ ಕೊಳೆಯನ್ನು ಎತ್ತಿ ತೆಗೆಯುವ ಮೆತ್ತನೆಯ ಜೇಡಿಯಂಥ ಮುದ್ದೆ. ಅಂಗೈಗಿಂತ ಚಿಕ್ಕ ಬಿಲ್ಲೆ ಮಾಡಿ, ಶಾಂಪೂ ನೀರು ಧಾರಾಳವಾಗಿ ಹೊಡೆದು, ಒತ್ತದೆ ಜಾರಿಸಿ. ಕ್ಲೇ ಕೆಂಪಾಗುತ್ತದೆ, ಗಾಬರಿಯಾಗಬೇಡಿ. ನೆಲಕ್ಕೆ ಬಿದ್ದರೆ ಮಾತ್ರ ಎಸೆಯಿರಿ. ಅದಕ್ಕಂಟಿದ ಒಂದು ಕಲ್ಲಿನ ಪುಡಿ ಸಾಕು, ಬಾನೆಟ್ ಉದ್ದಕ್ಕೂ ಗೀರುತ್ತದೆ.

ಆಮೇಲೆ ಮಾಸ್ಕಿಂಗ್ ಟೇಪ್. ಗಾಜಿನ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಬಾನೆಟ್ಟಿನ ಅಂಚು, ಬಾಡಿಯ ಉಬ್ಬುಗೆರೆ ಎಲ್ಲ ಮುಚ್ಚಬೇಕು. ಅಂಚು ಮತ್ತು ಉಬ್ಬುಗೆರೆಗಳಲ್ಲಿ ಪೇಂಟ್ ಎಲ್ಲಕ್ಕಿಂತ ತೆಳು, ಪ್ರೈಮರ್ ಮೊದಲು ಕಾಣುವುದು ಅಲ್ಲೇ.

ಎಲ್ಲರೂ ಬಿಟ್ಟುಬಿಡುವ ಹಂತ ಈಗ ಬರುತ್ತದೆ. ಸಿಂಗಲ್ ಸ್ಟೇಜ್ ಪೇಂಟಿಗೆ ನೇರವಾಗಿ ಕಾಂಪೌಂಡ್ ಹಾಕಬೇಡಿ. ಎಣ್ಣೆಯಂಶ ಹೆಚ್ಚಿರುವ, ಸಿಲಿಕೋನ್ ಇಲ್ಲದ ಗ್ಲೇಜ್ (ಸವೆಸದೆ ಎಣ್ಣೆ ಕುಡಿಸುವ ಪಾಲಿಶ್) ತನ್ನಿ. ಹಳೆಯ ಟರ್ಕಿ ಟವೆಲಿನಲ್ಲಿ ದಪ್ಪಗೆ ಹಚ್ಚಿ ಉಜ್ಜಿ, ಹಾಗೇ ಒಂದು ರಾತ್ರಿ ಬಿಡಿ. ಬೆಳಗ್ಗೆ ನೋಡಿದರೆ ಕೆಲವು ಕಡೆ ಅಷ್ಟನ್ನೂ ಕುಡಿದು ಮತ್ತೆ ಒಣಗಿರುತ್ತದೆ, ಅಲ್ಲಿಗೆ ಇನ್ನೊಂದು ಸಲ ಹಚ್ಚಿ. ಒರೆಸಿ ತೆಗೆದಾಗ ಟವೆಲ್ ರಕ್ತ ಹತ್ತಿದಂತಾಗುತ್ತದೆ, ಟಾಪು ಅರ್ಧಕ್ಕರ್ಧ ಬಣ್ಣಕ್ಕೆ ಬಂದಿರುತ್ತದೆ. ಒಣ ಪುಡಿಯ ಮೇಲೆ ಕಾಂಪೌಂಡ್ ಹೊಡೆದರೆ ಅದೇ ಪುಡಿ ಮರಳುಕಾಗದದಂತೆ ಕೆಲಸಮಾಡಿ ಬೇಕಾದದ್ದಕ್ಕಿಂತ ಹೆಚ್ಚು ಪೇಂಟ್ ತಿನ್ನುತ್ತದೆ. ಒಂದು ರಾತ್ರಿಯ ಈ ಕಾಯುವಿಕೆ ಉಳಿಸುವ ಪೇಂಟನ್ನು ಯಾವ ಡಬ್ಬಿಯೂ ಕೊಡುವುದಿಲ್ಲ.

ಮಷೀನ್ ಹಿಡಿಯುವುದಾದರೆ ಡ್ಯುಯಲ್ ಆಕ್ಷನ್ ಪಾಲಿಶರ್ ಹಿಡಿಯಿರಿ, ಅದರ ಪ್ಯಾಡ್ ತಿರುಗುತ್ತಲೇ ಓಲಾಡುತ್ತದೆ. ಟಾಪಿನಲ್ಲಿ ಒಂದೂವರೆ ಅಡಿ ಚೌಕ ಗುರುತು ಮಾಡಿಕೊಂಡು, ಎಲ್ಲಕ್ಕಿಂತ ನಯವಾದ ಪಾಲಿಶ್, ಮೆತ್ತನೆಯ ಫೋಮ್ ಪ್ಯಾಡ್‌ನಿಂದ ಶುರುಮಾಡಿ. ಪ್ಯಾಡ್ ಮೇಲೆ ಬಟಾಣಿಯಷ್ಟು ನಾಲ್ಕು ಬೊಟ್ಟು. ಸ್ಪೀಡ್ 6ರಲ್ಲಿ 4ಕ್ಕೆ ಇಟ್ಟು, ಸೆಕೆಂಡಿಗೆ ಒಂದೆರಡು ಅಂಗುಲದಂತೆ ಸರಿಸಿ, ಹಿಂದಿನ ಸಾಲಿನ ಅರ್ಧ ಮುಚ್ಚುತ್ತಾ ಅಡ್ಡ ಎರಡು, ಉದ್ದ ಎರಡು ಸುತ್ತು. ಅಷ್ಟರಿಂದ ಬಣ್ಣ ಬಂದರೆ ಇಡೀ ಟಾಪಿಗೆ ಅದೇ ಸಾಕು. ಬರದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟಾದ ಕಾಂಪೌಂಡ್. ಗ್ಯಾರೇಜುಗಳಲ್ಲಿ ಸಿಗುವ ದಪ್ಪ ರಬ್ಬಿಂಗ್ ಕಾಂಪೌಂಡ್ ಇರುವುದು ಹೊಸ ಪೇಂಟಿನ ಮೇಲಿನ ಎಮರಿ ಗೀರು ತೆಗೆಯಲು, ಕಾಲು ಶತಮಾನಕ್ಕೂ ಹೆಚ್ಚು ಬಿಸಿಲುಂಡ ಪದರಕ್ಕಲ್ಲ. ಅಂಗೈ ಇಡಲಾಗದಷ್ಟು ಬಿಸಿಯಾದರೆ ನಿಲ್ಲಿಸಿ. ಕೆಂಪಿನ ನಡುವೆ ಬೂದು ಛಾಯೆ ಇಣುಕಿದರೆ ಆ ಜಾಗ ಬಿಟ್ಟುಬಿಡಿ, ಅದು ಪ್ರೈಮರ್.

ಪ್ಯಾಡ್ ಬೇಗ ಕಟ್ಟಿಕೊಳ್ಳುತ್ತದೆ. ಪ್ರತಿ ಚೌಕ ಮುಗಿದ ಮೇಲೆ ಬ್ರಷ್‌ನಿಂದ ಕೆರೆದು ಸ್ವಚ್ಛ ಮಾಡಬೇಕು, ಟಾಪು ಬಾನೆಟ್ಟಿಗೆ ಐದಾರು ಪ್ಯಾಡ್ ಇಟ್ಟುಕೊಳ್ಳಿ. ಒಂದೇ ಪ್ಯಾಡ್‌ನಲ್ಲಿ ಮುಗಿಸಲು ಹೋದವರ ಗಾಡಿಯ ಮೇಲೆ ಹೊಗೆಯ ಸುರುಳಿಯಂಥ ಗುರುತು ಉಳಿಯುತ್ತದೆ. ಮಷೀನ್ ಇಲ್ಲದಿದ್ದರೂ ಚಿಂತೆಯಿಲ್ಲ. ಮೈಕ್ರೋಫೈಬರ್ ಪ್ಯಾಡ್ ಹಿಡಿದು ಒಂದೊಂದು ಅಡಿ ಜಾಗದಂತೆ, ದುಂಡಗೆ ಸುತ್ತದೆ ನೇರ ಗೆರೆಯಲ್ಲಿ ಉಜ್ಜಿ. ಟಾಪಿಗೆ ಎರಡು ಮೂರು ಗಂಟೆ ಹಿಡಿಯುತ್ತದೆ, ತೋಳು ನೋಯುತ್ತದೆ, ಆದರೆ ಕೈಯಿಂದ ಪೇಂಟ್ ಸುಡುವುದು ಕಷ್ಟ.

ಪೆಟ್ರೋಲ್ ಬಂಕಿನ ಪಕ್ಕ, ಮರದಡಿ ರಬ್ಬಿಂಗ್ ಮಾಡುವವರ ಕೈಗೆ ಮಾತ್ರ ಗಾಡಿ ಕೊಡಬೇಡಿ. ಅವರಲ್ಲಿ ಹಲವರು ಬಳಸುವುದು ವೆಲ್ಡಿಂಗ್ ಅಂಗಡಿಯ ನಾಲ್ಕಂಗುಲದ ಗ್ರೈಂಡರಿಗೆ ಉಣ್ಣೆ ಟೋಪಿ ಕಟ್ಟಿದ್ದನ್ನು. ಅದು ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ನುರಿತವರು ರೋಟರಿ ಪಾಲಿಶರನ್ನು (ಓಲಾಡದೆ ಬರೀ ಸುತ್ತುವ ಮಷೀನ್) ಹಳೆ ಪೇಂಟಿನ ಮೇಲೆ 1,000ದಿಂದ 1,500ರ ಒಳಗೆ ಓಡಿಸುತ್ತಾರೆ. ಅಂಚಿನಲ್ಲಿ ಪೇಂಟ್ ಸುಟ್ಟುಹೋಗಲು ಗ್ರೈಂಡರಿಗೆ ಒಂದೆರಡು ಸೆಕೆಂಡು ಸಾಕು. ಸುಟ್ಟ ಜಾಗಕ್ಕೆ ಸಿಲಿಕೋನ್ ಎಣ್ಣೆ ಸವರಿ ಮಿಂಚಿಸಿ ಕಳಿಸುತ್ತಾರೆ. ಆ ಸಿಲಿಕೋನ್ ಮುಂದೆ ಪೇಂಟ್ ಹೊಡೆಯುವಾಗ ಮೀನುಗಣ್ಣಿನಂಥ ಗುಳಿ ಏಳಿಸುತ್ತದೆ. ಇದು ಕಸುಬಲ್ಲ, ಬೇರೆಯವರ ಆಸ್ತಿ ಹಾಳು ಮಾಡುವುದು.

ಪಾಲಿಶ್ ಮುಗಿದ ದಿನವೇ ವ್ಯಾಕ್ಸ್ (ಮೇಣ) ಅಥವಾ ಸೀಲಂಟ್ (ಮೇಣದಂಥದೇ ಕೃತಕ ರಕ್ಷಣಾ ಲೇಪ) ಹಾಕಿ, ತೆಳ್ಳಗೆ, ಒಂದು ದಿನ ಬಿಟ್ಟು ಇನ್ನೊಂದು ಸಲ. ಬಯಲಲ್ಲಿ ನಿಲ್ಲುವ ಗಾಡಿಗೆ ವ್ಯಾಕ್ಸ್ ಎರಡು ತಿಂಗಳು ಬಂದರೆ ಹೆಚ್ಚು, ಸೀಲಂಟ್ ಇನ್ನಷ್ಟು ಕಾಲ ನಿಲ್ಲುತ್ತದೆ. ನೀರು ಗುಂಡುಗುಂಡಾಗಿ ಉರುಳದೆ ಹಾಸಿಕೊಂಡು ನಿಂತರೆ ಮತ್ತೆ ಹಾಕುವ ಹೊತ್ತು ಬಂತು. ಇದನ್ನು ಬಿಟ್ಟರೆ ಮುಂದಿನ ಬೇಸಿಗೆಗೆ ಗುಲಾಬಿ ವಾಪಸ್.

ಪೇಂಟ್ ಮಾಡಿಸಲೇಬೇಕಾದ ಜಾಗಗಳೂ ಇರುತ್ತವೆ. ಕಾಗೆ ಕಾಲಿನಂತೆ ಬಿರುಕು ಬಿಟ್ಟದ್ದು, ಪ್ರೈಮರ್ ಕಂಡದ್ದು, ಮುಂದಿನ ಗಾಜಿನ ಬೀಡಿಂಗ್ ಅಂಚಿನಲ್ಲಿ ಗುಳ್ಳೆ ಎದ್ದದ್ದು. ಆ ಗುಳ್ಳೆಯ ಕೆಳಗೆ ತುಕ್ಕು ಇದೆ. ಅಂಥ ಕಡೆ ಆ ಪ್ಯಾನೆಲ್ ಒಂದನ್ನೇ ಮಾಡಿಸಿ, ಬಾಗಿಲುಗಳ ಕಂಪನಿ ಪೇಂಟ್ ಮುಟ್ಟಲು ಬಿಡಬೇಡಿ.

2006ರ ಸಿಲ್ವರ್ ಕಾರು. ಬಾನೆಟ್ಟಿನ ಮೇಲೆ ಭೂಪಟದ ಹಾಗೆ ಬಿಳಿ ಪೊರೆ ಏಳುತ್ತಿದೆ. ಯಾವ ಪಾಲಿಶ್ ಒಳ್ಳೆಯದು?

ಯಾವುದೂ ಅಲ್ಲ. ಎದ್ದಿರುವುದು ಕ್ಲಿಯರ್ ಕೋಟ್, ಅದು ಕಿತ್ತುಬಂದ ಮೇಲೆ ಅಂಟುವುದಿಲ್ಲ. ಪೊರೆ ಕೆರೆದು ಮೇಲೆ ಬರೀ ಕ್ಲಿಯರ್ ಹೊಡೆಯುತ್ತೇನೆ ಅನ್ನುವ ಪೇಂಟರನ್ನೂ ನಂಬಬೇಡಿ. ಕೆಳಗಿನ ಸಿಲ್ವರ್ ಪದರವೂ ಬಿಸಿಲು ತಿಂದಿರುತ್ತದೆ, ಹೊಸ ಕ್ಲಿಯರ್ ಮತ್ತೆ ಏಳುತ್ತದೆ. ಉಜ್ಜಿ, ಪ್ರೈಮರ್, ಸಿಲ್ವರ್, ಕ್ಲಿಯರ್ ಮೂರನ್ನೂ ಹಾಕಿಸಬೇಕು.

ಟೂತ್‌ಪೇಸ್ಟ್?

ಹಲ್ಲಿಗೆ.

ವಾರಕ್ಕೊಮ್ಮೆ ಡೀಸೆಲ್ ಸೀಮೆಎಣ್ಣೆ ಬೆರೆಸಿ ಒರೆಸಿದರೆ ಹೊಳಪು ಬರುತ್ತದಲ್ಲ?

ಎಣ್ಣೆಯ ಜಿಡ್ಡು ಹೊಳೆಯುತ್ತದೆ, ಪೇಂಟ್ ಅಲ್ಲ. ಸಂಜೆಯೊಳಗೆ ಅದಕ್ಕೆ ದೂಳು ಕೂರುತ್ತದೆ, ಮರುದಿನ ಒರೆಸುವಾಗ ಆ ದೂಳೇ ಗೀರುತ್ತದೆ. ಬೀಡಿಂಗ್ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಕೊಬ್ಬರಿ ಎಣ್ಣೆ ಕೇಳಿದವರಿಗೂ ಇದೇ ಉತ್ತರ.

ಮಂಕಾದ ಕಾರಿಗೆ 9ಹೆಚ್ ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ಹೊಸದರಂತಾಗುತ್ತದೆ, ಐದು ವರ್ಷ ಬಾಳುತ್ತದೆ ಎಂದರು.

ಆ 9ಹೆಚ್ ಪೆನ್ಸಿಲ್ ಗಡಸುತನದ ಅಳತೆ, ವಜ್ರದಂಥ ಕಲ್ಲುಗಳ ಗಡಸುತನ ಹೇಳುವ ಅಳತೆಯಲ್ಲ. ಕೋಟಿಂಗ್ ಕೆಳಗಿರುವುದನ್ನು ಇದ್ದ ಹಾಗೇ ಹಿಡಿದಿಡುತ್ತದೆ. ಮಂಕಿದ್ದರೆ ಮಂಕನ್ನೇ. ಮೊದಲು ಪೇಂಟ್ ಸರಿಮಾಡಿ ಆಮೇಲೆ ಬೇಕಾದರೆ ಹಾಕಿಸಿ. ಪುಡಿ ಬರುವ ಸಿಂಗಲ್ ಸ್ಟೇಜ್ ಪೇಂಟಿಗೆ ನಾನು ಹಾಕಿಸಿ ಅನ್ನುವುದಿಲ್ಲ, ವ್ಯಾಕ್ಸ್ ಸಾಕು.

ಬೋರ್‌ವೆಲ್ ನೀರಿನ ಬಿಳಿ ಕಲೆ ಹೋಗುತ್ತಿಲ್ಲ.

ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು. ಬಟ್ಟೆ ಅದ್ದಿ ಕಲೆಯ ಮೇಲೆ ಎರಡು ನಿಮಿಷ ಹಾಸಿ, ಕೂಡಲೇ ಚೆನ್ನಾಗಿ ತೊಳೆಯಿರಿ. ಬಿಸಿಲಲ್ಲಿ ಬೇಡ. ಹೋಗದಿದ್ದರೆ ಕಲೆ ಪೇಂಟನ್ನು ಕೊರೆದಿದೆ, ಪಾಲಿಶ್ ಬೇಕು.

ಹಳೆ ಬುಲೆಟ್ ಟ್ಯಾಂಕ್. ಕಪ್ಪು ಮಂಕಾಗಿದೆ, ಚಿನ್ನದ ಗೆರೆ ಹೋಗದಂತೆ ಪಾಲಿಶ್ ಮಾಡಬಹುದೇ?

ಗೆರೆಯ ಮೇಲೆ ಉಗುರು ಅಡ್ಡ ಎಳೆಯಿರಿ. ತಡೆದರೆ ಗೆರೆ ಮೇಲ್ಪದರದಲ್ಲಿದೆ, ಪಾಲಿಶ್ ಬಟ್ಟೆ ನಾಲ್ಕು ಸಲ ಆಡಿದರೆ ಅಳಿಸಿಹೋಗುತ್ತದೆ. ಅದರ ಮೇಲೆ ಟೇಪ್ ಒತ್ತಿ ಅಂಟಿಸಬೇಡಿ, ಕೀಳುವಾಗ ಗೆರೆಯೂ ಬರಬಹುದು. ಅರ್ಧ ಅಂಗುಲ ಆಚೆಗೇ ನಿಲ್ಲಿಸಿ, ಬೆರಳಿಗೆ ಬಟ್ಟೆ ಸುತ್ತಿಕೊಂಡು ಗೆರೆಯ ಉದ್ದಕ್ಕೆ ಕೈಯಿಂದಲೇ ಮಾಡಿ.

ಕೆಂಪು ಕಾರನ್ನು ಕಪ್ಪು ಮಾಡಿಸೋಣ ಅಂತಿದ್ದೇವೆ.

ಆರ್‌ಸಿಯಲ್ಲಿ ಗಾಡಿಯ ಬಣ್ಣ ಬರೆದಿರುತ್ತದೆ. ಡಬ್ಬಿ ತೆರೆಯುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ವಿಚಾರಿಸಿ.