ರೀಫಂಡ್ ಬಟನ್ ಒತ್ತುವ ಮುಂಚೆ

ಮಾಸ್ತರೇ, ನಮಸ್ಕಾರ.

ಸಿಂಧನೂರಿನಿಂದ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿತು. ಪೂರ್ತಿ ಅಚ್ಚು ಹಾಕಲು ಜಾಗ ಇಲ್ಲ, ಬೇಸರ ಮಾಡಿಕೊಳ್ಳಬೇಡಿ. ಉಳಿದ ಓದುಗರಿಗೆ ವಿಷಯ ಇಷ್ಟು: ಸಂಕ್ರಾಂತಿ ರಜೆಗೆ ಮಾಸ್ತರರ ಮನೆಮಂದಿ ಕಾಶಿಗೆ ಹೋಗಿದ್ದರು. ವಾಪಸ್ ಬರುವ ದಿನ ಸಂಜೆ ನಾಲ್ಕರ ಹೈದರಾಬಾದ್ ವಿಮಾನ ಆರಕ್ಕೆ ಹೋಯಿತು, ಆಮೇಲೆ ಎಂಟಕ್ಕೆ. ರಾತ್ರಿ ಹತ್ತೂವರೆಗೆ ರದ್ದೇ ಆಯಿತು. ‘ಮಂಜು ಸರ್, ನಾವೇನು ಮಾಡೋಕಾಗುತ್ತೆ’ ಅಂದರು ಕೌಂಟರಿನವರು. ಮಗ ಮೊಬೈಲಿಗೆ ಬಂದ ಲಿಂಕ್ ಒತ್ತಿ ರೀಫಂಡ್ ತಗೊಂಡ. ಬೆಳಗ್ಗೆ ನೋಡಿದರೆ ಅದೇ ದಾರಿಯ ಟಿಕೆಟ್ ಮೂರು ಪಟ್ಟು. ರಾತ್ರಿಯ ಹೋಟೆಲ್ ಕೈಯಿಂದ. ಊರಿನಿಂದ ಶಂಷಾಬಾದ್‌ಗೆ, ಅಂದರೆ ಹೈದರಾಬಾದ್ ವಿಮಾನ ನಿಲ್ದಾಣಕ್ಕೆ, ಬಂದು ನಿಂತಿದ್ದ ಬಾಡಿಗೆ ಕಾರಿಗೆ ವೇಟಿಂಗ್ ಬೇರೆ. ‘ಇದನ್ನೆಲ್ಲ ಯಾರನ್ನ ಕೇಳೋದು? ಹಣೆಬರಹ ಅಂತ ಸುಮ್ನಿರೋದಾ?’ ಎಂದು ಕೇಳಿದ್ದೀರಿ.

ಸುಮ್ನಿರಬೇಡಿ. ಆದರೆ ಎಲ್ಲ ದುಡ್ಡೂ ವಾಪಸ್ ಬರುತ್ತೆ ಅಂತಲೂ ನಾನು ಹೇಳಲ್ಲ.

ನಿಮ್ಮ ಕಥೆಯಲ್ಲಿ ಜಾಸ್ತಿ ದುಡ್ಡು ಹೋಗಿದ್ದು ವಿಮಾನ ರದ್ದಾದಾಗ ಅಲ್ಲ, ಮಗ ಆ ಲಿಂಕ್ ಒತ್ತಿದಾಗ. ಹುಡುಗನನ್ನ ಬೈಯಬೇಡಿ. ಮಗು ಅಳುತ್ತಿದೆ, ಕೌಂಟರಿನ ಮುಂದೆ ಜಾತ್ರೆ, ಆಗ ‘ಪೂರ್ತಿ ಹಣ ವಾಪಸ್’ ಅಂತ ಬಂದರೆ ಯಾರಾದರೂ ಒತ್ತುತ್ತಾರೆ. ವಿಮಾನ ರದ್ದಾದರೆ ಎರಡು ದಾರಿ ಇರುತ್ತವೆ: ಪೂರ್ತಿ ಹಣ, ಇಲ್ಲವೇ ಬೇರೆ ವಿಮಾನ. ಆಯ್ಕೆ ಪ್ರಯಾಣಿಕರದ್ದು. ಬೇರೆ ವಿಮಾನ ಕೇಳಿದರೆ ನಿಮ್ಮನ್ನ ಹೈದರಾಬಾದ್ ಮುಟ್ಟಿಸುವ ಹೊಣೆ ಕಂಪನಿಯ ಮೇಲೇ ಇರುತ್ತದೆ. ಹಣ ತಗೊಂಡರೆ ಆ ಹೊಣೆ ಅಲ್ಲಿಗೇ ಮುಗಿಯಿತು, ಮರುದಿನದ ದುಬಾರಿ ಟಿಕೆಟ್ ನಿಮ್ಮ ತಲೆಗೆ. ಅದಕ್ಕೇ ಮೊದಲು ಮರುದಿನದ ದರ ನೋಡಬೇಕು, ಆಮೇಲೆ ಒತ್ತಬೇಕು. ಒಬ್ಬರು ಸಾಲಿನಲ್ಲಿ ನಿಲ್ಲಲಿ, ಇನ್ನೊಬ್ಬರು ಅದೇ ಹೊತ್ತಿಗೆ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಲಿ. ಎಷ್ಟೋ ಸಲ ಸಾಲಿಗಿಂತ ಮುಂಚೆ ಫೋನಿನಲ್ಲೇ ಸೀಟು ಸಿಕ್ಕಿರುತ್ತದೆ.

ಇನ್ನು ಮಂಜಿನ ವಿಷಯ. ಇಲ್ಲಿ ಸ್ವಲ್ಪ ತಡೆದು ನೋಡೋಣ. ವಿಮಾನ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದ ಪ್ರಕಾರ, ರದ್ದಾಗುವುದನ್ನ ಕನಿಷ್ಠ 24 ಗಂಟೆ ಮುಂಚೆ ತಿಳಿಸದಿದ್ದರೆ ಹಣ ವಾಪಸ್ ಕೊಡುವುದಲ್ಲದೆ ಪರಿಹಾರವೂ ಕೊಡಬೇಕು. ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆವರೆಗೆ 7,500, ಅದಕ್ಕೂ ಜಾಸ್ತಿ ಇದ್ದರೆ 10,000 ರೂಪಾಯಿ. ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಎಷ್ಟೋ ಅಷ್ಟು. ಎರಡರಲ್ಲಿ ಯಾವುದು ಕಡಿಮೆಯೋ ಅದು, ತಲೆಗೆ ಲೆಕ್ಕ. ಆದರೆ ಹವಾಮಾನ, ಏರ್ ಟ್ರಾಫಿಕ್ ಕಂಟ್ರೋಲ್, ಭದ್ರತೆಯಂಥ ಕಾರಣ ಇದ್ದರೆ ಈ ಪರಿಹಾರ ಇಲ್ಲ. ಕೌಂಟರಿನಲ್ಲಿ ‘ಮಂಜು’ ಅನ್ನುವ ಮಾತು ಅಷ್ಟು ಬೇಗ ಬಾಯಿಗೆ ಬರುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ನಿಮಗೆ ಬಂದ ಮೆಸೇಜನ್ನ ಪತ್ರದಲ್ಲಿ ಹಾಗೇ ಇಳಿಸಿದ್ದೀರಿ, ಒಳ್ಳೇದಾಯಿತು. ಅದರಲ್ಲಿ ಮಂಜಿನ ಸುದ್ದಿಯೇ ಇಲ್ಲ! ‘ಕಾರ್ಯಾಚರಣೆಯ ಕಾರಣ’ ಅಂತಿದೆ. ಅದೇ ಸಂಜೆ ಏಳಕ್ಕೆ ಪಕ್ಕದ ಗೇಟಿನಿಂದ ದೆಹಲಿ ವಿಮಾನ ಹೊರಟಿತು ಅಂತಲೂ ಬರೆದಿದ್ದೀರಿ. ಹಾಗಂತ ಕಂಪನಿ ಸುಳ್ಳೇ ಹೇಳಿತು ಅನ್ನೋಕಾಗಲ್ಲ. ಒಂದೇ ವಿಮಾನ ದಿನಕ್ಕೆ ನಾಲ್ಕೈದು ಊರು ಸುತ್ತುತ್ತದೆ. ಬೆಳಗಿನ ಮಂಜಿಗೆ ಎಲ್ಲೋ ನಿಂತರೆ ಸಂಜೆವರೆಗೂ ತಡ ಆಗುತ್ತಾ ಹೋಗುತ್ತದೆ. ಪೈಲಟ್‌ಗಳ ಡ್ಯೂಟಿ ಗಂಟೆಗೂ ಮಿತಿ ಉಂಟು. ಆ ಗಂಟೆ ಮುಗಿದರೆ ಅವರು ಹಾರಿಸುವಂತಿಲ್ಲ. ತಡ ತಡ ಅಂತ ಕೂರಿಸಿ ರಾತ್ರಿ ರದ್ದು ಮಾಡುವುದರ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಆದರೆ ಬೆಳಗಿನ ಮಂಜು ರಾತ್ರಿ ಹತ್ತೂವರೆಗೂ ನೆಪ ಆಗಬಹುದಾ? ವಾದ ಮಾಡುವ ಜಾಗ ಅದೇ. ಕಾರಣವನ್ನ ಬರವಣಿಗೆಯಲ್ಲಿ ಕೊಡಿ ಅಂತ ಇ-ಮೇಲ್ ಹಾಕಿ. ಬಾಯಿಮಾತು ಬೇಡ.

ಹೋಟೆಲ್ ಬಿಲ್ ಕೂಡ ಇದಕ್ಕೇ ಅಂಟಿಕೊಂಡಿದೆ. ತಪ್ಪು ಕಂಪನಿಯದ್ದಾದರೆ, ಮರುದಿನದ ಅವರದೇ ವಿಮಾನಕ್ಕೆ ಕಾಯುವವರಿಗೆ ಊಟ, ಅಗತ್ಯ ಬಿದ್ದರೆ ಹೋಟೆಲ್ ಕೊಡಬೇಕು. ನೀವು ರೀಫಂಡ್ ತಗೊಂಡಿದ್ದರಿಂದ ಇಲ್ಲಿ ನಿಮ್ಮ ಕೈ ಸ್ವಲ್ಪ ಕಟ್ಟಿದೆ. ಪರಿಹಾರದ ಮಾತು ಬೇರೆ. ರೀಫಂಡ್ ತಗೊಂಡರೂ ಅದನ್ನ ಕೇಳಬಹುದು.

ಈಗ ಮಾಡಬೇಕಾದ್ದು: ಮೊದಲು ಕಂಪನಿಗೆ ಬರೆಯಿರಿ. ಟಿಕೆಟ್, ಬೋರ್ಡಿಂಗ್ ಪಾಸ್, ಮೆಸೇಜಿನ ಸ್ಕ್ರೀನ್‌ಶಾಟ್, ಹೋಟೆಲ್ ರಸೀದಿ, ಕಾರಿನವನ ಬಿಲ್ ಎಲ್ಲ ಜೊತೆಗಿಡಿ. ಉತ್ತರ ಬರದಿದ್ದರೆ ವಿಮಾನಯಾನ ಸಚಿವಾಲಯದ ದೂರು ತಾಣ ಏರ್‌ಸೇವಾದಲ್ಲಿ ದೂರು ಹಾಕಿ. ಗ್ರಾಹಕ ಸಹಾಯವಾಣಿ 1915 ಕೂಡ ಇದೆ. ಅದಕ್ಕೂ ಬಗ್ಗದಿದ್ದರೆ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗ. ಕಾಶಿಗೋ ಹೈದರಾಬಾದಿಗೋ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೂರುದಾರರು ಇರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕಾರಿನ ವೇಟಿಂಗ್ ಕೇಳುವುದಿದ್ದರೆ ಅಲ್ಲೇ ಕೇಳಿ. ಡಿಜಿಸಿಎ ನಿಯಮದಲ್ಲಿ ಅದಕ್ಕೆ ಜಾಗ ಇಲ್ಲ. ಸಿಕ್ಕೇ ಸಿಗುತ್ತೆ ಅಂತ ನಂಬಿಕೊಂಡು ಕೂರಬೇಡಿ.

ನಿಮ್ಮ ಮನೆಯವರ ಬಿಪಿ ಮಾತ್ರೆ ಚೆಕ್-ಇನ್ ಬ್ಯಾಗಿನಲ್ಲಿ ಹೋಗಿತ್ತು ಅಂತ ಓದಿ ಗಾಬರಿಯಾಯಿತು. ಮಾತ್ರೆ, ಮಗುವಿನ ಒಂದು ಜೊತೆ ಬಟ್ಟೆ, ಚಾರ್ಜರ್ ಯಾವಾಗಲೂ ಕೈಚೀಲದಲ್ಲೇ ಇರಲಿ. ನಿಮ್ಮ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಆ ರಾತ್ರಿ ಅಕ್ಕಪಕ್ಕದ ಮೂರು ಕುಟುಂಬಕ್ಕೆ ಸಾಕಾಯಿತು ಅಂದಿರಿ. ಚಟ್ನಿಪುಡಿಗೆ ಎಣ್ಣೆ ಕಲಸಿಕೊಂಡು ಹೋಗದೇ ಇದ್ದದ್ದು ಜಾಣತನ. ಸೆಕ್ಯೂರಿಟಿಯಲ್ಲಿ ತೆಗೆಸಿಬಿಡುತ್ತಿದ್ದರೇನೋ.

‘ಮುಂದಿನ ಸಲ ರೈಲೇ ಸಾಕು’ ಅಂತ ಸೊಸೆ ಹೇಳಿದ್ದಾರಂತೆ. ಜನವರಿಯಲ್ಲಿ ಆ ಕಡೆ ರೈಲುಗಳೂ ಮಂಜಿಗೆ ಗಂಟೆಗಟ್ಟಲೆ ನಿಲ್ಲುತ್ತವೆ ಅಂತ ಅವರಿಗೆ ಹೇಳಿ. ನವೆಂಬರ್ ಮೊದಲಲ್ಲೋ ಶಿವರಾತ್ರಿ ಕಳೆದ ಮೇಲೋ ಹೋಗಿ. ನಮ್ಮ ರಾಯಚೂರಿನ ಪಕ್ಕದ ಯರಮರಸ್‌ನಲ್ಲಿ ವಿಮಾನ ಇಳಿಯುತ್ತೆ ಅಂತ ಕೇಳಿ ಕೇಳಿ ನನ್ನ ಕೂದಲೇ ಬೆಳ್ಳಗಾಯಿತು, ಹಾಗಾಗಿ ಸದ್ಯಕ್ಕೆ ನಮಗೆ ಶಂಷಾಬಾದೇ ಗತಿ. ಕಾರನ್ನ ಮಾತ್ರ ಊರಿನಿಂದ ಮುಂಚೆಯೇ ಕಳಿಸಬೇಡಿ. ಇಳಿದ ಮೇಲೆ ಅಲ್ಲೇ ಒಂದು ಗಾಡಿ ಮಾಡಿಕೊಳ್ಳಿ.

– ಸಂಪಾದಕ