ಮಂಗಳೂರಿಗೆ ಪ್ರಾಣಿ ಆಯೋಗ ಬೇಕಾ? ಮೊದಲು ಕಾನೂನಿನಲ್ಲಿರುವ ಸಮಿತಿ ಎಲ್ಲಿದೆ ಕೇಳಿ

ಪ್ರಶ್ನೆ: ಮೇಡಂ, ನಮ್ಮ ಮನೆ ಬಿಜೈಯಲ್ಲಿ. ರಸ್ತೆಯಲ್ಲಿ ನಾಯಿಗಳು ಜಾಸ್ತಿಯಾಗಿವೆ, ಗಾಯಗೊಂಡ ದನ ಕಂಡರೆ ಯಾರನ್ನು ಕರೆಯಬೇಕೆಂದೇ ಗೊತ್ತಾಗುವುದಿಲ್ಲ, ಒಂದು ಕಚೇರಿಗೆ ಫೋನ್ ಮಾಡಿದರೆ ಇನ್ನೊಂದನ್ನು ತೋರಿಸುತ್ತಾರೆ. ಮಗ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿದ್ದಾನೆ. ಅಲ್ಲಿ ಪ್ರಾಣಿಗಳ ಕೆಲಸ ನೋಡಿಕೊಳ್ಳಲಿಕ್ಕೆ ನಗರಾಡಳಿತದ್ದೇ ಒಂದು ಆಯೋಗ ಉಂಟಂತೆ. ನಮ್ಮಲ್ಲೂ ಅಂಥದ್ದು ಬೇಕು ಅಂತ ನಾವು ಕೆಲವರು ಸಹಿ ಸಂಗ್ರಹಿಸಿದ್ದೇವೆ. ಯಾರಿಗೆ ಕೊಡಬೇಕು?
– ಓದುಗರೊಬ್ಬರು, ಮಂಗಳೂರು

ಉತ್ತರ: ಸಹಿಗಳನ್ನು ಇಟ್ಟುಕೊಳ್ಳಿ, ಕೆಲಸಕ್ಕೆ ಬರುತ್ತವೆ. ಆದರೆ ಅರ್ಜಿಯ ವಿಷಯ ಬದಲಾಯಿಸಿ. ‘ಆಯೋಗ ರಚಿಸಿ’ ಅಂತ ಬರೆದರೆ ನಿಮಗೆ ಬರುವುದು ಒಂದು ಹಿಂಬರಹ, ‘ಇದು ಸರ್ಕಾರದ ಹಂತದಲ್ಲಿ ತೀರ್ಮಾನವಾಗಬೇಕು’ ಅಂತ. ಅದು ಸುಳ್ಳೂ ಅಲ್ಲ. ನೋಟಿಸ್ ಕೊಡುವ, ದಂಡ ಹಾಕುವ ಅಧಿಕಾರ ಇರುವ ಆಯೋಗಕ್ಕೆ ರಾಜ್ಯದ ಕಾನೂನು ಬೇಕು, ಪಾಲಿಕೆಯ ನಿರ್ಣಯ ಸಾಲುವುದಿಲ್ಲ.

ನಿಮ್ಮ ಮಗ ಹೇಳಿದ್ದು ಸರಿಯೇ. ಲಾಸ್ ಏಂಜಲೀಸ್‌ನಲ್ಲಿ ಐದು ಜನರ ಮಂಡಳಿ ಉಂಟು, ಮೇಯರ್ ನೇಮಿಸುತ್ತಾರೆ, ನಗರ ಕೌನ್ಸಿಲ್ ಒಪ್ಪಬೇಕು. ಸಭೆ ಜನರ ಎದುರೇ ನಡೆಯುತ್ತದೆ, ಮಾಮೂಲಿ ಸಭೆಯ ವಿಷಯಪಟ್ಟಿ 72 ಗಂಟೆ ಮೊದಲೇ ಪ್ರಕಟವಾಗಬೇಕು. ಅದೇ ರಾಜ್ಯದ ಸ್ಯಾನ್ ಫ್ರಾನ್ಸಿಸ್ಕೋ ಆಯೋಗ ಬರೀ ಸಲಹೆ ಕೊಡುವಂಥದ್ದು. ಆದರೆ ಅಲ್ಲಿನ ಕೆಲಸವೇ ಬೇರೆ ಮಾರಾಯ್ರೆ. ಅಲ್ಲಿ ಬೀದಿಯಲ್ಲಿ ಸಿಕ್ಕ ನಾಯಿ ನಗರದ ಆಶ್ರಯಕೇಂದ್ರಕ್ಕೆ ಹೋಗುತ್ತದೆ, ಮಾಲೀಕರು ಬರದಿದ್ದರೆ ಸಾಕುವವರಿಗೆ ಕೊಡಲು ನೋಡುತ್ತಾರೆ. ನಮ್ಮಲ್ಲಿ ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಕೊಟ್ಟು, ಹಿಡಿದ ಜಾಗಕ್ಕೇ ತಂದು ಬಿಡಬೇಕು ಅಂತ ನಿಯಮ. ಹಾಗಾಗಿ ಆ ಊರಿನಿಂದ ನಾವು ತರಬೇಕಾದದ್ದು ಏನಾದರೂ ಇದ್ದರೆ ಬಾಗಿಲು ತೆರೆದಿಟ್ಟು ಸಭೆ ನಡೆಸುವ ಅಭ್ಯಾಸ.

ಈಗ ನಮ್ಮ ಕಾನೂನಿಗೆ ಬನ್ನಿ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳ 18 ಕೆಲಸಗಳ ಪಟ್ಟಿ ಇದೆ, ಅದರ 15ನೆಯದು ದನದ ದೊಡ್ಡಿ ಮತ್ತು ಪ್ರಾಣಿ ಹಿಂಸೆ ತಡೆ. ಅಂದರೆ ‘ಇದು ನಮಗೆ ಸಂಬಂಧಿಸಿದ್ದಲ್ಲ’ ಅಂತ ಯಾವ ಪಾಲಿಕೆ, ನಗರಸಭೆಯೂ ಹೇಳುವ ಹಾಗಿಲ್ಲ. ಇದರ ಜೊತೆಗೆ ಎರಡು ಸಮಿತಿಗಳನ್ನು ನಿಯಮವೇ ಕಡ್ಡಾಯ ಮಾಡಿದೆ. ಪ್ರತಿ ಜಿಲ್ಲೆಗೊಂದು ಪ್ರಾಣಿ ದಯಾ ಸಂಘ ಇರಬೇಕು, ಎಸ್‌ಪಿಸಿಎ ಅನ್ನುತ್ತಾರಲ್ಲ, ಅದು. 2001ರ ಕೇಂದ್ರ ನಿಯಮ. ನಮ್ಮ ರಾಜ್ಯದಲ್ಲಿ ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಗಾಯಗೊಂಡ ಪ್ರಾಣಿಗಳ ಆರೈಕೆಗೆ ಆ ಸಂಘಕ್ಕೆ ಸರ್ಕಾರ ಜಾಗ ಕೊಡಬೇಕು ಅಂತಲೂ ಅದೇ ನಿಯಮ ಹೇಳುತ್ತದೆ. ಇನ್ನೊಂದು, 2023ರ ಮಾರ್ಚ್‌ನಲ್ಲಿ ಬಂದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇರಬೇಕಾದ ಮೇಲ್ವಿಚಾರಣಾ ಸಮಿತಿ. ಆಯುಕ್ತರು ಅಥವಾ ಮುಖ್ಯಾಧಿಕಾರಿ ಅಧ್ಯಕ್ಷರು. ಆರೋಗ್ಯ ವಿಭಾಗ, ಪಶುಸಂಗೋಪನಾ ಇಲಾಖೆ, ಎಸ್‌ಪಿಸಿಎ, ಊರಿನ ಪ್ರಾಣಿ ಕಲ್ಯಾಣ ಸಂಸ್ಥೆಗಳು ಇವುಗಳ ಪ್ರತಿನಿಧಿಗಳು ಅದರಲ್ಲಿ ಇರಬೇಕು.

ಅಂದರೆ ನೀವು ಕೇಳುತ್ತಿರುವ ‘ಆಯೋಗ’ದ ಅರ್ಧಕ್ಕಿಂತ ಜಾಸ್ತಿ ಕೆಲಸ ಈ ಎರಡು ಸಮಿತಿಗಳದ್ದೇ. ಆದ್ದರಿಂದ ಮೊದಲ ಅರ್ಜಿ ಮಾಹಿತಿ ಹಕ್ಕಿನದ್ದು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. ಹಾಗಾಗಿ ಪುರಾಣ ಬರೆಯಬೇಡಿ. ಸಮಿತಿ ರಚಿಸಿದ ಆದೇಶದ ಪ್ರತಿ, ಸದಸ್ಯರ ಪಟ್ಟಿ, ಕಳೆದ ಒಂದು ವರ್ಷದ ಸಭೆಗಳ ನಡಾವಳಿ, ಇಷ್ಟು ಕೇಳಿ. ಪಾಲಿಕೆಗೆ ಒಂದು, ಎಸ್‌ಪಿಸಿಎ ಬಗ್ಗೆ ಜಿಲ್ಲಾಧಿಕಾರಿ ಕಚೇರಿಗೆ ಇನ್ನೊಂದು. ಟಪಾಲು ವಿಭಾಗದಲ್ಲಿ ಸ್ವೀಕೃತಿ ಹಾಕಿಸಿಕೊಳ್ಳಿ, 30 ದಿನದಲ್ಲಿ ಉತ್ತರ ಬರಬೇಕು. ನಡಾವಳಿ ಸಿಕ್ಕಿದರೆ ಕೂತು ಓದಿ. ‘ಚರ್ಚಿಸಲಾಯಿತು’, ‘ಸೂಚಿಸಲಾಯಿತು’ ಬಿಟ್ಟರೆ ಬೇರೇನೂ ಇಲ್ಲದಿದ್ದರೆ ನಿಮ್ಮ ಮುಂದಿನ ಅರ್ಜಿಗೆ ಬೇಕಾದ ವಿಷಯ ಅಲ್ಲೇ ಸಿಕ್ಕಿತು ಅಂತ ತಿಳಿಯಿರಿ.

ಸಹಿ ಇರುವ ಅರ್ಜಿಯಲ್ಲಿ ಎಂತ ಕೇಳಬೇಕು? ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ದುಡ್ಡಿನ ಲೆಕ್ಕ. ಶಸ್ತ್ರಚಿಕಿತ್ಸೆಯ ಕೆಲಸ ಸಾಮಾನ್ಯವಾಗಿ ಒಂದು ಸಂಸ್ಥೆಗೆ ಟೆಂಡರ್ ಆಗುತ್ತದೆ, ನಾಯಿಯೊಂದಕ್ಕೆ ಇಷ್ಟು ಅಂತ ಬಿಲ್. ಆ ಸಂಸ್ಥೆಗೆ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಇರಲೇಬೇಕು, ಇಲ್ಲದಿದ್ದರೆ ಕೆಲಸವೇ ನಿಯಮಬಾಹಿರ. ಸಂಖ್ಯೆ ಸುಳ್ಳಾಗಬಾರದು ಅಂತ ನಿಯಮಗಳಲ್ಲೇ ದಾರಿ ಇದೆ: ಕೇಂದ್ರದಲ್ಲಿ ಸಿಸಿಟಿವಿ ಇರಬೇಕು, ನಾಯಿಯ ಕಿವಿಯಲ್ಲಿ ಗುರುತು ಇರಬೇಕು, ಹೊರತೆಗೆದ ಅಂಗಗಳನ್ನು ಎಣಿಸಬೇಕು. ಎಣಿಸುವಾಗ ಎದುರು ಇರಬೇಕಾದವರು ಸಮಿತಿಯವರು. ಈಗ ಯೋಚಿಸಿ, ಕೆಲಸದ ಟೆಂಡರ್ ಹಿಡಿದ ಸಂಸ್ಥೆಯ ಪ್ರತಿನಿಧಿಯೇ ಸಮಿತಿಯಲ್ಲೂ ಕೂತು ತನ್ನ ಬಿಲ್ಲಿಗೆ ತಾನೇ ತಲೆಯಾಡಿಸಿದರೆ ಮೇಲ್ವಿಚಾರಣೆ ಎಲ್ಲಿ ಉಳಿಯಿತು? ಸಣ್ಣ ಊರಲ್ಲಿ ಇದು ಕೆಟ್ಟತನದಿಂದಲೇ ಆಗಬೇಕೆಂದಿಲ್ಲ, ಇರುವ ಸಂಸ್ಥೆಗಳೇ ಒಂದೋ ಎರಡೋ, ಅವರನ್ನೇ ಎಲ್ಲಾ ಕಡೆ ಕೂರಿಸುತ್ತಾರೆ. ಆದರೂ ಬಿಲ್ಲಿನ ವಿಷಯ ಬಂದಾಗ ಅವರು ಹೊರಗೆ ಕೂರಬೇಕು. ಇದನ್ನು ಅರ್ಜಿಯಲ್ಲಿ ಒಂದು ಸಾಲಿನಲ್ಲಿ ಬರೆಯಿರಿ. ವಾರ್ಡ್‌ವಾರು ಎಷ್ಟು ನಾಯಿ ಹಿಡಿದರು, ಎಲ್ಲಿ ವಾಪಸ್ ಬಿಟ್ಟರು ಅನ್ನುವ ಲೆಕ್ಕ ತಿಂಗಳಿಗೊಮ್ಮೆ ಪಾಲಿಕೆ ವೆಬ್‌ಸೈಟಿಗೆ ಹಾಕಲಿ ಅಂತಲೂ ಕೇಳಿ. ವಾರ್ಡ್‌ವಾರು ಯಾಕೆ ಅಂದರೆ, ಹೆಣ್ಣು ನಾಯಿ ಗರ್ಭ ಕಟ್ಟಿದ ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ. ಕದ್ರಿಯಲ್ಲಿ ಹತ್ತು, ಸುರತ್ಕಲ್‌ನಲ್ಲಿ ಐದು ಅಂತ ಅಲ್ಲಲ್ಲಿ ಚೂರುಪಾರು ಮಾಡಿದರೆ ಉಳಿದವು ಮರಿ ಹಾಕಿ ಸಂಖ್ಯೆ ಮತ್ತೆ ತುಂಬುತ್ತದೆ, ಸುಮ್ನೆ ಖರ್ಚು. ಒಂದು ವಾರ್ಡ್ ಪೂರ್ತಿ ಮುಗಿಸಿ ಮುಂದೆ ಹೋಗಬೇಕು. ರೇಬಿಸ್ ಲಸಿಕೆಗೂ ಅಷ್ಟೇ, ಒಂದು ಪ್ರದೇಶದ ನಾಯಿಗಳಲ್ಲಿ ಶೇ 70ರಷ್ಟಕ್ಕೆ ಬಿದ್ದರೆ ಮಾತ್ರ ರೋಗ ಹರಡುವ ಸರಪಳಿ ಕಡಿಯುತ್ತದೆ.

ಸಮಿತಿ ಸರಿಯಾಗಿ ಕೆಲಸ ಮಾಡಬೇಕು ಅನ್ನಲು ಇನ್ನೊಂದು ಹೊಸ ಕಾರಣವೂ ಸೇರಿದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆಗೆದು, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆದ ಮೇಲೆ ಅಲ್ಲಿಗೇ ವಾಪಸ್ ಬಿಡದೆ ಆಶ್ರಯಕೇಂದ್ರದಲ್ಲಿ ಇಡಬೇಕು ಅಂದಿತು. ಹೆದ್ದಾರಿಯ ಬೀಡಾಡಿ ದನಗಳನ್ನೂ ತೆಗೆಯಬೇಕು ಅಂದಿತು. ಬಿಡುವ ನಾಯಿಯ ಮೇಲೆ ಊರಿನವರ ಕಣ್ಣಿರುತ್ತದೆ, ಕೂಡಿಟ್ಟ ನಾಯಿಯನ್ನು ಯಾರು ನೋಡುತ್ತಾರೆ? ಊಟ, ನೀರು, ಮಳೆಗಾಲದಲ್ಲಿ ಒಣಗಿದ ನೆಲ, ಸತ್ತರೆ ದಾಖಲೆ, ಇದನ್ನೆಲ್ಲ ಹೇಳದೆ ಹೋಗಿ ಪರೀಕ್ಷಿಸುವ ಅಧಿಕಾರ ಸಮಿತಿಯ ಒಬ್ಬಿಬ್ಬರು ಹೊರಗಿನ ಸದಸ್ಯರಿಗೆ ಬೇಕು. ನಮ್ಮ ಕರಾವಳಿಯ ಮಳೆಯಲ್ಲಿ ಒದ್ದೆ ಗೂಡಿನಲ್ಲಿಟ್ಟ ನಾಯಿಗೆ ಆಪರೇಷನ್ ಗಾಯ ಬೇಗ ಒಣಗುವುದಿಲ್ಲ, ಇದಕ್ಕೆ ತಜ್ಞರೇ ಬೇಕಾಗಿಲ್ಲ ಅಲ್ವಾ?

ಇಷ್ಟಾದ ಮೇಲೂ ನಾಗರಿಕರ ಪ್ರತ್ಯೇಕ ಸಮಿತಿ ಬೇಕು ಅನ್ನಿಸಿದರೆ, ಪಾಲಿಕೆಯ ಸಾರ್ವಜನಿಕ ಆರೋಗ್ಯ ಸ್ಥಾಯಿ ಸಮಿತಿಯ ಮೂಲಕ ಒಂದು ಸಲಹಾ ಸಮಿತಿಯ ಪ್ರಸ್ತಾವ ತರಿಸಿ. ಅಧಿಕಾರ ಕಡಿಮೆ, ಆದರೆ ಬೆಂಗಳೂರಿನ ಒಪ್ಪಿಗೆಗೆ ಕಾಯಬೇಕಿಲ್ಲ. ಅದರಲ್ಲಿ ಒಬ್ಬ ಪಶುವೈದ್ಯರು, ಒಬ್ಬ ವಕೀಲರು ಇರಲಿ. ಹೋಟೆಲಿನವರು, ಮೀನು ಮಾರುಕಟ್ಟೆಯವರು ಖಂಡಿತ ಇರಲಿ, ಯಾಕೆಂದರೆ ಧಕ್ಕೆಯ (ಮೀನುಗಾರಿಕಾ ಬಂದರಿನ) ಮೀನಿನ ತ್ಯಾಜ್ಯ ಮತ್ತು ಹೋಟೆಲಿನ ಉಳಿಕೆ ಸರಿಯಾಗಿ ವಿಲೇವಾರಿ ಆಗದೆ ನಾಯಿ ಕಡಿಮೆಯಾಗುವುದಿಲ್ಲ. ಗಾಯಗೊಂಡ ದನಕ್ಕೆ ಇದ್ಯಾವುದಕ್ಕೂ ಕಾಯಬೇಡಿ, ಪಶುಸಂಗೋಪನಾ ಇಲಾಖೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾನು ಮಣಿಪಾಲದಲ್ಲಿ ಫ್ಲ್ಯಾಟಿನ ಹತ್ತಿರ ನಾಯಿಗಳಿಗೆ ಅನ್ನ ಹಾಕುತ್ತೇನೆ. ಮೇಲಿನ ಮನೆಯ ಆಂಟಿ ದಿನಾ ಜಗಳ. ನಗರಸಭೆಯ ಸಮಿತಿ ಇದನ್ನು ತೀರ್ಮಾನ ಮಾಡುತ್ತದಾ?
– ಓದುಗರೊಬ್ಬರು, ಉಡುಪಿ

ಉತ್ತರ: ಮೇಲೆ ಹೇಳಿದ ಮೇಲ್ವಿಚಾರಣಾ ಸಮಿತಿ ಅಲ್ಲ, ಇದಕ್ಕೆ ಬೇರೆಯೇ ಸಮಿತಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ 20ನೇ ನಿಯಮ ನೋಡಿ. ಅನ್ನ ಹಾಕುವ ಜಾಗ, ಹೊತ್ತು ಗೊತ್ತುಮಾಡುವುದು ನಿವಾಸಿಗಳ ಸಂಘದ ಜವಾಬ್ದಾರಿ. ಜಾಗ ಮೆಟ್ಟಿಲು, ಗೇಟು, ಮಕ್ಕಳು ಆಡುವ ಕಡೆಯಿಂದ ದೂರ ಇರಬೇಕು. ಒಪ್ಪಂದ ಆಗದಿದ್ದರೆ ಪಶುವೈದ್ಯಾಧಿಕಾರಿ, ಪೊಲೀಸ್ ಪ್ರತಿನಿಧಿ ಮುಂತಾದವರಿರುವ ಸಮಿತಿ ಕೂತು ಹೇಳಬೇಕು, ದೂರು ಕೊಟ್ಟವರೂ ಅದರಲ್ಲಿ ಕೂರುತ್ತಾರೆ. ಹಾಗಾಗಿ ಆಂಟಿಯ ಮಾತನ್ನೂ ಕೇಳಲೇಬೇಕಾಗುತ್ತದೆ, ಅದು ನ್ಯಾಯವೇ. 2025ರ ಆಗಸ್ಟ್ 22ರ ಸುಪ್ರೀಂ ಕೋರ್ಟ್ ಆದೇಶವೂ ಸಿಕ್ಕಸಿಕ್ಕ ರಸ್ತೆಯಲ್ಲಿ ಅನ್ನ ಹಾಕುವ ಹಾಗಿಲ್ಲ, ಅದಕ್ಕೆ ನಗರ ಸಂಸ್ಥೆ ಜಾಗ ಗುರುತಿಸಬೇಕು ಅಂದಿದೆ. ನಿಮ್ಮ ವಾರ್ಡಿನಲ್ಲಿ ಅಂಥ ಜಾಗ ಗುರುತಿಸಿದ್ದಾರಾ ಅಂತ ನಗರಸಭೆಗೆ ಬರೆದು ಕೇಳಿ. ಅಲ್ಲಿಯವರೆಗೆ ಲಿಫ್ಟಿನ ಎದುರು ತಟ್ಟೆ ಇಡುವುದು ಬಿಡಿ.

ಪ್ರಶ್ನೆ: ಇಂಥ ಸಮಿತಿ ಬಂದರೆ ಕಂಬಳ ನಿಲ್ಲಿಸುತ್ತಾರೆ ಅಂತ ನಮ್ಮಲ್ಲಿ ಹೇಳುತ್ತಿದ್ದಾರೆ. ಹೌದಾ?
– ಓದುಗರೊಬ್ಬರು, ಕಾರ್ಕಳ

ಉತ್ತರ: ಇಲ್ಲ. ಕಂಬಳಕ್ಕೆ 2017ರ ರಾಜ್ಯ ತಿದ್ದುಪಡಿ ಕಾಯ್ದೆಯ ರಕ್ಷಣೆ ಇದೆ, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಅದನ್ನು ಎತ್ತಿಹಿಡಿದಿದೆ. ಯಾವ ನಗರಸಭೆ ಸಮಿತಿಗೂ ಅದನ್ನು ಮುಟ್ಟುವ ಅಧಿಕಾರ ಇಲ್ಲ, ಮುಟ್ಟಲೂಬಾರದು, ಇಲ್ಲದಿದ್ದರೆ ಸಭೆಯೆಲ್ಲ ಕೋಣದಲ್ಲೇ ಮುಗಿದು ನಾಯಿಯ ವಿಷಯ ಬರುವುದೇ ಇಲ್ಲ. ಕೋಳಿ ಅಂಕದ ಕಥೆ ಬೇರೆ. ಅದಕ್ಕೆ ಆ ರಕ್ಷಣೆ ಇಲ್ಲ, ದೂರು ನೇರ ಪೊಲೀಸ್ ಠಾಣೆಗೆ.