ಓದುಗರ ಪ್ರಶ್ನೆ: ಮಗಳನ್ನು ಗಂಗೋತ್ರಿಗೆ ಸೇರಿಸಲಾ?

ಪ್ರಶ್ನೆ: ಮಗಳು ಮಂಡ್ಯದಲ್ಲಿ ಬಿ.ಎ. ಮುಗಿಸಿದ್ದಾಳೆ. ಮೈಸೂರು ವಿಶ್ವವಿದ್ಯಾನಿಲಯದ ಗಂಗೋತ್ರಿಯಲ್ಲೇ ಕನ್ನಡ ಎಂ.ಎ. ಮಾಡ್ತೀನಿ ಅಂತ ಹಟ. ಅಲ್ಲಿ ಈಗ ಕಾಯಂ ಮೇಷ್ಟ್ರುಗಳೇ ಕಡಿಮೆ, ಹಳೇ ಹೆಸರಷ್ಟೇ ಉಳಿದಿರೋದು ಅಂತ ನೆಂಟರು ಹೇಳ್ತಾರೆ. ಸೇರಿಸಲಾ, ಬೇಡವಾ?
(ಮಂಡ್ಯದ ಓದುಗರೊಬ್ಬರು)

ಸೇರಿಸಿ ತಾಯಿ. ಆದರೆ ನೆಂಟರ ಮಾತಿನಲ್ಲೂ ನಿಜ ಇದೆ, ಅದನ್ನು ತಿಳಿದುಕೊಂಡೇ ಸೇರಿಸಿ. ನಿವೃತ್ತರಾದ ಪ್ರಾಧ್ಯಾಪಕರ ಜಾಗ ತುಂಬುವ ಕೆಲಸ ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ತುಂಬಾ ನಿಧಾನ. ಮೈಸೂರೂ ಹಾಗೇ. ಎಷ್ಟೋ ತರಗತಿಗಳನ್ನು ಅತಿಥಿ ಉಪನ್ಯಾಸಕರೇ ನಡೆಸುತ್ತಾರೆ. ಅವರಲ್ಲಿ ಪಿಎಚ್.ಡಿ. ಆದವರಿದ್ದಾರೆ, ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್, ಕೆ-ಸೆಟ್ ಪಾಸಾದವರಿದ್ದಾರೆ, ಪ್ರೀತಿಯಿಂದ ಪಾಠ ಮಾಡುವವರಿದ್ದಾರೆ. ಆದರೆ ಬರುವ ವರ್ಷ ಕೆಲಸ ಇರುತ್ತೋ ಇಲ್ವೋ ಗೊತ್ತಿಲ್ಲದವರು ನಾಲ್ಕೈದು ವರ್ಷ ಹಿಡಿಯುವ ಸಂಶೋಧನೆಗೆ ಕೈ ಹಾಕುವುದು ಹೇಗೆ ಹೇಳಿ? ಇದು ಅವರ ತಪ್ಪಲ್ಲ. ವಿಶ್ವವಿದ್ಯಾನಿಲಯವನ್ನು ಒಳಗಿನಿಂದ ಸೊರಗಿಸುತ್ತಿರುವುದು ಇದೇ ಅಂತ ನನ್ನ ಅಭಿಪ್ರಾಯ. ಹಳೇ ಕಟ್ಟಡಗಳ ಬಿರುಕಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಇದರ ಬಗ್ಗೆ ಅಷ್ಟು ಮಾತಿಲ್ಲ.

ಹಾಗಿದ್ದರೂ ಯಾಕೆ ಸೇರಿಸಿ ಅಂದೆ? ನಿಮ್ಮ ಮಗಳು ಆರಿಸಿಕೊಂಡಿರುವುದು ಕನ್ನಡ ಎಂ.ಎ. ಮೈಸೂರು ವಿಶ್ವವಿದ್ಯಾನಿಲಯ ಅದನ್ನು ಶುರು ಮಾಡಿದ್ದು 1927ರಲ್ಲಿ. ಟಿ.ಎಸ್. ವೆಂಕಣ್ಣಯ್ಯನವರಂಥ ಮೇಷ್ಟ್ರು, ಮೊದಲ ತಂಡದಲ್ಲಿ ಕುವೆಂಪು ಮತ್ತು ಡಿ.ಎಲ್. ನರಸಿಂಹಾಚಾರ್. ಅದೇ ಕುವೆಂಪು 1956ರಲ್ಲಿ ಕುಲಪತಿಯಾದರು. ಸ್ನಾತಕೋತ್ತರ ಓದಿಗೇ ಒಂದು ದೊಡ್ಡ ಆವರಣ ಬೇಕು ಅಂತ ಕುಕ್ಕರಹಳ್ಳಿ ಕೆರೆಯ ಪಕ್ಕ ಕಟ್ಟಿಸಿದರು, ಅದಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ. ಮುಂದೆ 1966ರಲ್ಲಿ ಅಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಬಂತು. ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶ ಸಿದ್ಧವಾಗಿದ್ದು ಅಲ್ಲಿ. ಬಿ.ಎಲ್. ರೈಸ್ ಹೊರತಂದಿದ್ದ ಎಪಿಗ್ರಾಫಿಯ ಕರ್ನಾಟಿಕ ಅನ್ನುವ ಶಾಸನ ಸಂಪುಟಗಳನ್ನು ತಿದ್ದಿ, ಹೊಸ ಶಾಸನಗಳನ್ನು ಸೇರಿಸಿ ಮತ್ತೆ ಅಚ್ಚು ಹಾಕಿಸಿದ್ದೂ ಅಲ್ಲೇ. ಮಂಡ್ಯ ಸೀಮೆಯ ಶಾಸನಗಳೂ ಅದರಲ್ಲಿವೆ. ನಿಮ್ಮೂರಿನ ದೇವಸ್ಥಾನದ ಮುಂದೆ ನಿಂತಿರುವ ಕಲ್ಲಿನಲ್ಲಿ ಏನು ಬರೆದಿದೆ ಅನ್ನುವುದನ್ನು ಮಗಳು ಅಲ್ಲಿನ ಗ್ರಂಥಾಲಯದಲ್ಲಿ ಕೂತು ಓದಬಹುದು. ಇಂಥದ್ದು ಎಲ್ಲ ಕಡೆ ಸಿಗಲ್ಲ.

ಒಂದು ಕೆಲಸ ಮಾಡಿ. ಅರ್ಜಿ ಹಾಕುವ ಮೊದಲು ತರಗತಿ ನಡೆಯುವ ದಿನ ನೋಡಿಕೊಂಡು ಇಬ್ಬರೂ ಹೋಗಿ ಬನ್ನಿ. ಎರಡನೇ ವರ್ಷದ ಮಕ್ಕಳನ್ನು ಕೇಳಿ: ಹಳಗನ್ನಡ ಯಾರು ತೆಗೆದುಕೊಳ್ಳುತ್ತಾರೆ, ಛಂದಸ್ಸು ಯಾರು, ಪಾಠ ಪೂರ್ತಿ ಆಗುತ್ತಾ. ಅವರು ಮುಚ್ಚಿಡದೆ ಹೇಳುತ್ತಾರೆ. ಮತ್ತೆ, ಆದಷ್ಟೂ ಹಾಸ್ಟೆಲ್‌ನಲ್ಲಿ ಬಿಡಿ. ಮಂಡ್ಯದಿಂದ ದಿನಾ ರೈಲಿನಲ್ಲಿ ಓಡಾಡುವ ಮಕ್ಕಳು ತುಂಬಾ ಜನ ಇದ್ದಾರೆ, ಖರ್ಚೂ ಕಡಿಮೆ, ನಿಜ. ಆದರೆ ಸಂಜೆ ಗ್ರಂಥಾಲಯದಲ್ಲಿ ಕೂರುವ ಹೊತ್ತಿಗೆ, ಯಾರದೋ ಉಪನ್ಯಾಸ ಕೇಳುವ ಹೊತ್ತಿಗೆ ಅವರು ಸ್ಟೇಷನ್ ಕಡೆ ಓಡಬೇಕು. ಎಂ.ಎ. ಓದಿನಲ್ಲಿ ಅರ್ಧ ಇರುವುದು ಆ ಸಂಜೆಗಳಲ್ಲೇ.

ಪ್ರಶ್ನೆ: ಮೈಸೂರು ವಿಶ್ವವಿದ್ಯಾನಿಲಯ ಕಟ್ಟಿದ್ದು ನಾಲ್ವಡಿಯವರೋ ವಿಶ್ವೇಶ್ವರಯ್ಯನವರೋ? ಮನೆಯಲ್ಲಿ ದೊಡ್ಡ ವಾದ ನಡೀತಿದೆ.
(ಶ್ರೀರಂಗಪಟ್ಟಣ)

ಇಬ್ಬರೂ. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ಅವರ ದಿವಾನರು. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಯೋಜನೆ ನಡೆಯುತ್ತಿರಲಿಲ್ಲ. ಅದಕ್ಕೆ ಮೊದಲು ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಎರಡೂ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಮಕ್ಕಳು ಇಲ್ಲಿಯವರು, ದುಡ್ಡು ಇಲ್ಲಿಯದು, ಏನು ಓದಬೇಕು ಅಂತ ತೀರ್ಮಾನ ಮಾಡುವುದು ಮಾತ್ರ ಮದ್ರಾಸಿನವರು. ಅದನ್ನು ಬಿಡಿಸಿಕೊಂಡು 1916ರ ಜುಲೈ 27ರಂದು, ಈ ಎರಡು ಕಾಲೇಜುಗಳನ್ನೇ ಇಟ್ಟುಕೊಂಡು ಶುರು ಮಾಡಿದರು. ಬ್ರಿಟಿಷರ ನೇರ ಆಡಳಿತದ ಹೊರಗೆ ಹುಟ್ಟಿದ ದೇಶದ ಮೊದಲ ವಿಶ್ವವಿದ್ಯಾನಿಲಯ ಇದು. ವಾದದಲ್ಲಿ ಇನ್ನಿಬ್ಬರನ್ನೂ ಸೇರಿಸಿಕೊಳ್ಳಿ. ಒಬ್ಬರು ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಇನ್ನೊಬ್ಬರು ಅವರ ನಂತರ ಬಂದ ಬಂಗಾಳದ ತತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್. ಕಟ್ಟಿದವರ ಹೆಸರು ಎಲ್ಲರಿಗೂ ನೆನಪಿದೆ, ನಡೆಸಿದವರ ಹೆಸರು ಮರೆತುಹೋಗಿದೆ, ಬೇಜಾರಾಗುತ್ತದೆ.

ಪ್ರಶ್ನೆ: ಡಿಗ್ರಿ ಈಗ ಮೂರು ವರ್ಷವೋ ನಾಲ್ಕೋ?
(ಪಾಂಡವಪುರ)

ಮೂರು. 2021-22ರಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದ್ಧತಿ ಬಂದಿತ್ತು, 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು. ನಡುವಿನ ತಂಡಗಳ ಮಕ್ಕಳು ಅಂಕಪಟ್ಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲಿ. ವಿಶ್ವವಿದ್ಯಾನಿಲಯಗಳ ಪ್ರವೇಶ, ಪರೀಕ್ಷೆ ನೋಡಿಕೊಳ್ಳುವ ಸರ್ಕಾರದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಕಾಣುವ ಅಂಕ, ಹೆಸರಿನ ಅಕ್ಷರ ಎಲ್ಲ ಸರಿ ಇದೆಯಾ ಅಂತ ಈಗಲೇ ನೋಡಿಕೊಳ್ಳಲಿ. ತಪ್ಪಿದ್ದರೆ ಕಾಲೇಜಿನಲ್ಲಿ ಇರುವಾಗಲೇ ತಿದ್ದಿಸುವುದು ಸುಲಭ.

ಪ್ರಶ್ನೆ: ನಮ್ಮ ಕಾಲದಲ್ಲಿ ಎಲ್ಲ ಕಾಲೇಜೂ ಮೈಸೂರಿಗೇ ಸೇರಿತ್ತು. ಈಗ ಯಾಕೆ ಇಷ್ಟು ಚಿಕ್ಕದಾಯ್ತು?
(ಮದ್ದೂರು)

ಅದರೊಳಗಿನಿಂದಲೇ ಬೇರೆ ವಿಶ್ವವಿದ್ಯಾನಿಲಯಗಳು ಹುಟ್ಟಿದವು: 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು. ಅಂಚೆ ತೆರಪಿನ ಶಿಕ್ಷಣ 1996ರಲ್ಲಿ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇವುಗಳಿಗೆಲ್ಲ ಅರ್ಥ ಇತ್ತು. ಶಿವಮೊಗ್ಗದ ಹುಡುಗ ಒಂದು ಸಹಿಗೆ ಮೈಸೂರಿಗೆ ಬರುವುದು ತಪ್ಪಿತು. ಇತ್ತೀಚೆಗೆ ಮಂಡ್ಯ, ಚಾಮರಾಜನಗರಗಳಿಗೂ ಬೇರೆ ವಿಶ್ವವಿದ್ಯಾನಿಲಯ ಬಂತು. 2025ರಲ್ಲಿ ಅವನ್ನು ಮತ್ತೆ ಮೈಸೂರಿಗೇ ಸೇರಿಸುವ ಮಾತೂ ಎದ್ದಿತು. ಮೇಷ್ಟ್ರು, ದುಡ್ಡು, ಗ್ರಂಥಾಲಯ ಕೊಡದೆ ಬರೀ ಬೋರ್ಡು ಬದಲಿಸಿದರೆ ಮಕ್ಕಳಿಗೆ ಏನು ಸಿಕ್ಕಿದ ಹಾಗಾಯ್ತು? ಬೇರೆ ಮಾಡುವಾಗ ಕೇಳಬೇಕಿದ್ದ ಪ್ರಶ್ನೆ ಇದು, ಸೇರಿಸುವಾಗಲೂ ಇದನ್ನೇ ಕೇಳಬೇಕು.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ ಓದಿದವನು, ಈಗ ನಿವೃತ್ತ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕ್ ಹೋಗ್ತೀನಿ. ನನ್ನಂಥವರಿಗೆ ಆ ವಿಶ್ವವಿದ್ಯಾನಿಲಯದಿಂದ ಏನಾದ್ರೂ ಉಪಯೋಗ ಇದೆಯಾ ಸಾರ್?
(ಒಂಟಿಕೊಪ್ಪಲು, ಮೈಸೂರು)

ಇದೆ ಸಾರ್, ನಿಮ್ಮಂಥವರಿಗಾಗಿಯೇ ಒಂದು ಇಲಾಖೆ ಇದೆ. 1930ರ ದಶಕದಲ್ಲೇ ಈ ವಿಶ್ವವಿದ್ಯಾನಿಲಯ ತನ್ನ ಮೇಷ್ಟ್ರುಗಳನ್ನು ಊರೂರಿಗೆ ಕಳಿಸುತ್ತಿತ್ತು. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಪಾಠ ಮಾಡುವವರು ಅಲ್ಲಿ ಕನ್ನಡದಲ್ಲಿ ವಿಜ್ಞಾನ, ಚರಿತ್ರೆ, ಆರೋಗ್ಯದ ಬಗ್ಗೆ ಮಾತಾಡಬೇಕು. ಆಮೇಲೆ ಆ ಮಾತುಗಳನ್ನು ಚಿಕ್ಕ ಪುಸ್ತಕ ಮಾಡಿ ಕಡಿಮೆ ಬೆಲೆಗೆ ಕೊಡುತ್ತಿದ್ದರು. ಪ್ರಚಾರೋಪನ್ಯಾಸ ಅಂತ ಕರೆಯುತ್ತಿದ್ದರು. ಆ ಕೆಲಸವೇ ಬೆಳೆದು ಪ್ರಸಾರಾಂಗ ಆಯಿತು. ಕಾಲೇಜಿನ ಮೆಟ್ಟಿಲು ಹತ್ತದ ರೈತನಿಗೂ ವಿಶ್ವವಿದ್ಯಾನಿಲಯದಲ್ಲಿ ಪಾಲಿದೆ ಅಂತ ಅವರು ನಂಬಿದ್ದರು. ಇದರ ನೂರು ವರ್ಷದ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದೇ.

ಪ್ರಸಾರಾಂಗ ಗಂಗೋತ್ರಿಯಲ್ಲೇ ಇದೆ, ನಿಮ್ಮ ಕೆರೆ ಏರಿಯಿಂದ ದೂರವಿಲ್ಲ. ಕಚೇರಿ ವೇಳೆಯಲ್ಲಿ ಹೋಗಿ ಪುಸ್ತಕಗಳ ಪಟ್ಟಿ ಕೇಳಿ. ಹಾಗೇ ಒಂದು ದಿನ ಕೃಷ್ಣರಾಜ ಬುಲೆವಾರ್ಡ್‌ನಲ್ಲಿರುವ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡ ನೋಡಿ ಬನ್ನಿ. 1891ರಲ್ಲಿ ಶುರುವಾಗಿದ್ದು. ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ದು ಅಲ್ಲಿದ್ದುಕೊಂಡೇ. ಪುಸ್ತಕ ಆರಿಸುವಾಗ ಹಳೇ ಪ್ರಚಾರ ಪುಸ್ತಕ ಮಾಲೆಯ ಪ್ರತಿಗಳು ಉಳಿದಿವೆಯಾ ಅಂತಲೂ ವಿಚಾರಿಸಿ. ಅಲ್ಲಿ ಇಲ್ಲದಿದ್ದರೆ ಗ್ರಂಥಾಲಯದಲ್ಲಿ ಕೇಳಿ ನೋಡಿ.